ಅಂಟು ಹಾಕಿದ ಸೊಂಟ

ಪ್ರೀತಿಯ ಭಾವನಿಗೆ,

ಅಕ್ಷರ ನೋಡಿ ನಗಬೇಡಿ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಡಿದವನು ನಾನು. ಸೊರಬದ ನಿಮ್ಮ ಮನೆಯಿಂದ ಅಕ್ಕ ಕೊಟ್ಟ ಡಬ್ಬಿ ಎದುರಿಗಿದೆ. ಅದು ಹೀಗೆ ಕೂತಿದ್ದರೆ ಬರೆಯದೆ ಇರಲು ಆಗುವುದಿಲ್ಲ.

ಮೊದಲ ಸಲ ಆ ಡಬ್ಬಿಯನ್ನು ನನ್ನ ಮುಂದೆ ಸುರಿದದ್ದು ನೆನಪಿದೆಯೇ? ನೀವು ಕಂಡಕ್ಟರ್ ಆಗಿದ್ದಷ್ಟು ಕಾಲ ಬಸ್ಸಿನ ಸೀಟಿನಡಿ ಸಿಕ್ಕ, ಒಂದಕ್ಕೊಂದು ಸಿಕ್ಕಿಸಿ ಆಡುವ ಪ್ಲಾಸ್ಟಿಕ್ ಬ್ಲಾಕುಗಳು. ಮಕ್ಕಳು ಬೀಳಿಸಿಕೊಂಡು ಹೋದವು, ಕೇಳಿಕೊಂಡು ಯಾರೂ ಬಂದಿರಲಿಲ್ಲ. ಲಕ್ವ ಹೊಡೆದ ಬಲಗೈ ನಿಮ್ಮ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. "ಎರಡು ಹೋರಿ, ಒಂದು ಗಾಡಿ ಮಾಡಣ. ಮೂರನ್ನೂ ಸೇರಿಸಿದ್ರೆ ಒಬ್ಬ ಮನುಷ್ಯ ಆಗ್ಬೇಕು. ಹೋರಿ ಕಾಲು, ಗಾಡಿ ಎದೆ, ನೊಗ ಸೊಂಟ" ಅಂದಿರಿ. ಈ ವಯಸ್ಸಿಗೆ ಮಕ್ಕಳಾಟ ಯಾಕೆ ಎಂದು ರೇಗಿದೆ. "ಗಾಡಿ ಮಾಡೋನು ನೀನು. ಬರಲ್ಲ ಅಂತ ಹೇಳು, ಬಿಟ್ಬಿಡ್ತೀನಿ" ಅಂದಿರಿ. ನನ್ನ ಮೂಗಿನ ತುದಿಯ ಕೋಪ ನಿಮಗೆ ಗೊತ್ತಿತ್ತಲ್ಲ. ಅಂದಿನಿಂದ ಪ್ರತಿ ಸೋಮವಾರ ನಿಮ್ಮಲ್ಲಿಗೆ ಬರಲು ಶಿಕಾರಿಪುರದಲ್ಲಿ ಬಸ್ಸು ಹತ್ತಿದೆ.

ನಮ್ಮ ಮನುಷ್ಯನಿಗೆ ತಲೆ ಇಟ್ಟ ದಿನ ಅಕ್ಕ ಒಳಗಿನಿಂದಲೇ ನಕ್ಕಿದ್ದಳು. ದೇಹ ಗೇಣುದ್ದ, ಡಬ್ಬಿಯಲ್ಲಿ ಸಿಕ್ಕ ತಲೆ ಕಡಲೆಕಾಳಿನಷ್ಟು. ಸಣ್ಣದಾಯಿತಲ್ಲ ಅಂದರೆ, "ಹೆಂಡ್ತಿ ತಮ್ಮಂದಿರಿಗೆ ಅಷ್ಟು ತಲೆ ಸಾಕು ಮಾರಾಯ" ಅಂದಿರಿ. ನಿಮ್ಮನ್ನು ಬಿಟ್ಟು ಬೇರೆ ಯಾರು ಹಾಗಂದಿದ್ದರೂ ನಾನು...

ಸೊಂಟ ಮಾತ್ರ ನಿಲ್ಲಲಿಲ್ಲ. ಎತ್ತಿ ನಿಲ್ಲಿಸಿದಾಗಲೆಲ್ಲ ನೊಗದ ಹತ್ತಿರ ಕಳಚಿ ಬೀಳುತ್ತಿತ್ತು. ನಾನು ಮಾಡಿದ ಗಾಡಿಯ ಸಂದು ಎಂದಾದರೂ ಅಲ್ಲಾಡಿದ್ದುಂಟೇ? ಒಂದು ಸೋಮವಾರ ನೀವು ಸ್ನಾನಕ್ಕೆ ಹೋದಾಗ ಅಂಟು ಸುರಿದು ಭದ್ರ ಮಾಡಿದೆ. ನೀವು ಬಂದು, ಅಷ್ಟಿಷ್ಟು ಆಡತೊಡಗಿದ್ದ ಬಲಗೈಯ ಬೆರಳು ಸಿಕ್ಕಿಸಿ ಎಳೆದಿರಿ. ಮತ್ತೆ ಎಳೆದಿರಿ. "ಬಿಚ್ಚೋಕೇ ಬರ್ದಿದ್ರೆ ಇದೆಂಥದೋ?" ಅಂದಿರಿ. "ನಿಂತದಲ್ಲ, ಇನ್ನೇನ್ ಬೇಕು ನಿಮ್ಗೆ?" ಎಂದು ಚಪ್ಪಲಿ ಮೆಟ್ಟಿ ಹೊರಟೆ. ಮುಂದಿನ ಸೋಮವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ನಿಮ್ಮ ಮನೆಯ ಫೋನ್ ಬಂದಾಗ, ಕೊನೆಗೂ ಭಾವ ಸೋತರು ಅಂದುಕೊಂಡೇ ಎತ್ತಿದೆ. ಕೇಳಿದ್ದು ಅಕ್ಕನ ಅಳು.

ಹನ್ನೊಂದನೇ ದಿನದ ಊಟ ಮುಗಿದ ಮೇಲೆ ಅಕ್ಕ ಡಬ್ಬಿ ತಂದಿಟ್ಟಳು. "ಆ ಕೈಯಲ್ಲಿ ಏನಾದ್ರೂ ಬಿಚ್ಚಿ ಜೋಡ್ಸಿ ಅಂತ ಡಾಕ್ಟ್ರು ಹೇಳಿದ್ರು ಕಣೋ. ಅದಕ್ಕೇ ಇದು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕನಿಕರಕ್ಕೆ ಬರ್ತಾನೆ, ಜಗಳಕ್ಕೆ ಬಂದ್ರೇ ಚೆಂದ ಅಂದಿದ್ರು."

ಅಂಟಿನ ಮೇಲೆ ನಿಮ್ಮ ಉಗುರಿನ ಗೀರುಗಳಿವೆ ಭಾವ. ಎಷ್ಟು ದಿನ ಕೆರೆದಿರಿ? ಒಂದು ಮಾತು ಹೇಳಿ ಕಳಿಸಿದ್ದರೆ... ಕಳಿಸಿದ್ದರೂ ನಾನು ಬರುತ್ತಿದ್ದೆನೇ? ಬರುತ್ತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ.

ಮೊನ್ನೆ ಬ್ಲೇಡು ಹಿಡಿದು ಅಂಟನ್ನೆಲ್ಲ ಕೆತ್ತಿದೆ. ಎರಡು ಚೂರು ಮುರಿದವು. ಆಗ ಹೊಳೆಯಿತು, ನಿಜವಾದ ಗಾಡಿಗೆ ನೊಗವನ್ನು ಯಾರು ಅಂಟಿಸುತ್ತಾರೆ? ಹೂಡುವಾಗ ಹಗ್ಗದಲ್ಲಿ ಕಟ್ಟುತ್ತೇವೆ, ಕೆಲಸ ಮುಗಿದರೆ ಬಿಚ್ಚುತ್ತೇವೆ. ಜೀವಮಾನವಿಡೀ ಮಾಡಿದ ಕೆಲಸ, ಬೇಕಾದ ದಿನ ನೆನಪಾಗಲಿಲ್ಲ. ಈಗ ನೊಗದ ಎರಡು ತುದಿಗೂ ಸಡಿಲವಾದ ಗೂಟ ಕೊಟ್ಟಿದ್ದೇನೆ. ಗಾಡಿಯ ಭಾರವೇ ಮೇಲಿಂದ ಕೂತು ಹಿಡಿಯುತ್ತದೆ. ಮನುಷ್ಯ ನಿಂತಿದ್ದಾನೆ, ಬೀಳುವುದಿಲ್ಲ. ತಲೆ ಅದೇ ಇದೆ, ಬದಲಿಸಿಲ್ಲ.

ಸೋಮವಾರ ಅಕ್ಕನ ಹತ್ತಿರ ತರುತ್ತೇನೆ. ನಿಮ್ಮ ಕುರ್ಚಿಯ ಪಕ್ಕದಲ್ಲಿ ಬಿಚ್ಚಿಯೇ ಇಡುತ್ತೇನೆ, ಎರಡು ಹೋರಿ, ಒಂದು ಗಾಡಿ. ಬಲಗೈಯ ಕಿರುಬೆರಳೊಂದನ್ನೇ ಸಿಕ್ಕಿಸಿ ಎಳೆದು ನೋಡಿದೆ.

ಬರುತ್ತದೆ ಭಾವ. ಸಲೀಸಾಗಿ ಬರುತ್ತದೆ.