ಅಂಕಪಟ್ಟಿಯ ಬೆನ್ನು

ಜೂನ್ 3, ಬೆಳಿಗ್ಗೆ 6.40

ಪಟ್ಟಿ ಮತ್ತೆ ಬರೆದೆ. ಐದನೇ ಸಲ. ಹದಿನಾಲ್ಕು ಕಾಲೇಜು ಇದ್ದದ್ದು ಈಗ ಆರು. ಹೆಸರು ಕೇಳಿದರೆ ನೆಂಟರು ಹುಬ್ಬೇರಿಸುವಂಥವೆಲ್ಲ ಔಟ್. ಅವು ಅಂಕ ನೋಡಿ ಫೀಸ್ ಬಿಡುವುದಿಲ್ಲ. ಅವುಗಳಿಗೇನು, ನನ್ನಂಥವರು ಗೇಟಿನ ತನಕ ಕ್ಯೂ ನಿಂತಿರುತ್ತಾರೆ. ಲೆಕ್ಕದ ಮೇಡಂ ನಿನ್ನೆ ಹೇಳಿದ್ದೂ ಅದನ್ನೇ. "ನಿಂಗೆ ಬೇಕಾದ ಕಾಲೇಜು ಹುಡುಕೋದು ಬಿಡು. ನೀನು ಬೇಕು ಅನ್ನೋ ಕಾಲೇಜು ಹುಡುಕು." ಅಂದರೆ ಹೊಸದು, ಇನ್ನೂ ಹೆಸರಾಗದ್ದು, ಒಳ್ಳೆಯ ಅಂಕದವರನ್ನು ಎಳೆದುಕೊಳ್ಳಲು ಸ್ಕಾಲರ್‌ಶಿಪ್ ಕೊಡುವುದು. ಆರಕ್ಕೂ ಅರ್ಜಿ ಹಾಕಿದ್ದೇನೆ.

ಅಮ್ಮ ಮೂರು ಸಲ ಕರೆದಳು. ಟೀ ಆರಿ ತಣ್ಣಗಾಗಿದೆ.

ಜೂನ್ 5, ಸಂಜೆ

ಅಂಕಪಟ್ಟಿ ಕೈಗೆ ಬಂತು. 96.4. ಲೆಕ್ಕದಲ್ಲಿ 98. ಆ ಎರಡು ಎಲ್ಲಿ ಹೋದವು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡೆ. ಹತ್ತು ಜೆರಾಕ್ಸ್ ತೆಗೆದಿಡು ಅಂತ ಅಪ್ಪನಿಗೆ ಕೊಟ್ಟು ಮನೆಗೆ ಬಂದೆ.

ಅಪ್ಪನದು ಒಂದೇ ಷಟರಿನ ಅಂಗಡಿ — ಜೆರಾಕ್ಸ್, ಬೈಂಡಿಂಗ್, ಲ್ಯಾಮಿನೇಷನ್. ಕೈಗೆ ಸಿಕ್ಕಿದ್ದನ್ನೆಲ್ಲ ಲ್ಯಾಮಿನೇಟ್ ಮಾಡುವ ಮನುಷ್ಯ. ಅಮ್ಮನ ಕನ್ನಡಕದ ಚೀಟಿ, ನಾನು ಒಂದನೇ ಕ್ಲಾಸಿನಲ್ಲಿ ಬರೆದ ಆನೆ... ಮೆಷಿನ್ ಕೊಂಡ ದಿನ ಮೊದಲು ಹಾಕಿದ್ದು ತನ್ನದೇ ಅಂಕಪಟ್ಟಿಯನ್ನಂತೆ. ನಾನು ಅದನ್ನು ಒಂದು ಸಲವೂ ನೋಡಿಲ್ಲ.

ಸಂಜೆ ನನ್ನದನ್ನೂ ಮಾಡಿಕೊಂಡೇ ಬಂದ. ಅಂಗಡಿಯಲ್ಲಿರುವ ಅತಿ ದಪ್ಪ ಹಾಳೆ ಹಾಕಿ. "ಇನ್ನು ನೀರು ಬಿದ್ರೂ ಏನೂ ಆಗಲ್ಲ, ಪುಟ್ಟಿ." ನನಗೂ ಖುಷಿಯೇ ಆಯಿತು. ಸುಳ್ಳು ಯಾಕೆ ಬರೆಯಲಿ.

ಜೂನ್ 8, ಮಧ್ಯಾಹ್ನ 2.15

ಮೇಲ್ ಬಂತು!! ಪಟ್ಟಿಯ ನಾಲ್ಕನೆಯದು. ಪೂರ್ತಿ ಫೀಸ್ ಮಾಫಿ, ಹಾಸ್ಟೆಲ್ ಸಮೇತ, ನಾಲ್ಕೂ ವರ್ಷ. ಉಳಿದವರೆಲ್ಲ ಅರ್ಧ ಬಿಡುತ್ತಾರೆ ಅಷ್ಟೇ. ಇನ್ನರ್ಧ ನಮ್ಮ ಕೈಲಾಗದ ಮಾತು. ಅಂದರೆ ಇದೊಂದೇ. ಕೂರಲಾಗುತ್ತಿಲ್ಲ.

2.50

ಕೊನೆತನಕ ಓದಿದೆ. 18ಕ್ಕೆ ಮೂಲ ದಾಖಲೆ ತರಬೇಕು. ಒಬ್ಬರೇ ಎರಡು ಕಡೆ ಸ್ಕಾಲರ್‌ಶಿಪ್ ತೆಗೆದುಕೊಳ್ಳದಂತೆ ಅಂಕಪಟ್ಟಿಯ ಹಿಂಬದಿಗೆ ಮೊಹರು ಒತ್ತುತ್ತಾರೆ. ಆರನೇ ಸಾಲು: ಲ್ಯಾಮಿನೇಟ್ ಮಾಡಿದ ಅಂಕಪಟ್ಟಿ ಸ್ವೀಕರಿಸುವುದಿಲ್ಲ.

ಜೂನ್ 9

ಬೋರ್ಡ್ ಆಫೀಸು. ಇನ್ನೊಂದು ಪ್ರತಿಗೆ ನಲವತ್ತೈದು ದಿನ. ನಮಗಿರುವುದು ಒಂಬತ್ತು.

ಬಸ್‌ಸ್ಟಾಪಿನಲ್ಲಿ, ನಾಲ್ಕು ಜನರ ಮುಂದೆ, ಅಪ್ಪನಿಗೆ ಅಂದುಬಿಟ್ಟೆ. "ಜೆರಾಕ್ಸ್ ಅಂದ್ರೆ ಜೆರಾಕ್ಸ್ ಮಾಡ್ಬೇಕಿತ್ತು. ಯಾರು ಕೇಳಿದ್ರು ನಿನ್ನ ಲ್ಯಾಮಿನೇಷನ್‌ನ?" ನಮ್ಮ ಬಸ್ಸು ಬಂತು, ಹೋಯಿತು. ಇಬ್ಬರೂ ಹತ್ತಲಿಲ್ಲ.

ಜೂನ್ 14, ಬೆಳಿಗ್ಗೆ

ಅಪ್ಪನ ಜೊತೆ ಮಾತಿಲ್ಲ. ಮಧ್ಯೆ ಅಮ್ಮನೇ ಟಪಾಲು. ಅಪ್ಪ ಮನೆಯ ಇಸ್ತ್ರಿಪೆಟ್ಟಿಗೆಯನ್ನು ಅಂಗಡಿಗೆ ಒಯ್ದಿದ್ದಾನಂತೆ. ಹಳೆಯ ಹಾಳೆಗೆ ಲ್ಯಾಮಿನೇಷನ್ ಹಾಕುವುದು, ಬಟ್ಟೆ ಮುಚ್ಚಿ ಬಿಸಿ ಕೊಡುವುದು, ಬಿಡಿಸುವುದು. ಎಲ್ಲ ಹರಿಯುತ್ತಿವೆಯಂತೆ. ಬಂದ ಗಿರಾಕಿಗಳನ್ನು ನಾಳೆ ಬನ್ನಿ ಅಂತ ಸಾಗಹಾಕುತ್ತಿದ್ದಾನಂತೆ. ನಂಗೇನು, ಅಂದೆ.

ಬಾಗಿಲಿಂದ ಕಿಟಕಿಗೆ ಹನ್ನೊಂದು ಹೆಜ್ಜೆ. ಬೆಳಗಿನಿಂದ ಇದೇ ಕೆಲಸ. ಆ ಮೇಲ್ ಎಷ್ಟು ಸಲ ಓದಿದೆನೋ. ಆರನೇ ಸಾಲು ಅಲ್ಲೇ ಇದೆ.

ಜೂನ್ 16, ಮಧ್ಯಾಹ್ನ 1

ಬೆಳಿಗ್ಗೆ ಅಮ್ಮ ತಿಂಡಿ ಡಬ್ಬಿ ಕೊಟ್ಟು ಅಂಗಡಿಗೆ ಅಟ್ಟಿದಳು. ಅಪ್ಪ ಬ್ಲೇಡ್ ತರಲು ಹೋಗಿದ್ದ. ಕಸದ ಬುಟ್ಟಿಯಲ್ಲಿ ಬೋರ್ಡಿನ ಮುದ್ರೆ ಇದ್ದ ತುಂಡು ಕಾಣಿಸಿತು. ಬಗ್ಗಿ ಎತ್ತಿಕೊಂಡೆ. ನನ್ನದಲ್ಲ. ಅಪ್ಪನ ಹೆಸರು. ಇಪ್ಪತ್ತೆಂಟು ವರ್ಷದ ಹಿಂದಿನದು. ಲೆಕ್ಕ — 100.

ನನಗಿಂತ ಎರಡು ಹೆಚ್ಚು. ಯಾವತ್ತೂ ಹೇಳಿಲ್ಲ.

ಅಪ್ಪ ಬಂದವನು ಬಾಗಿಲಲ್ಲೇ ನಿಂತ. "ಬೇರೆ ಕಾಗದದಲ್ಲಿ ಅಂದಾಜು ಸಿಗ್ಲಿಲ್ಲ. ಬೋರ್ಡಿನ ಕಾಗದವೇ ಬೇಕಿತ್ತು." ಆಮೇಲೆ ಏನೂ ಆಗದವನ ಹಾಗೆ ಕೆಲಸದ ಮಾತಿಗೆ ಇಳಿದ. "ಮುಂದುಗಡೆ ಬಿಡ್ಸಿದ್ರೆ ಅಕ್ಷರ ಕಿತ್ಕೊಂಡು ಬರುತ್ತೆ. ಹಿಂದುಗಡೆ ಚೆನ್ನಾಗಿ ಬಿಡುತ್ತೆ. ಮೊಹರಿಗೆ ಹಿಂದುಗಡೆ ಸಾಕಲ್ವಾ? ಬಾ, ಆ ಮೂಲೆ ಹಿಡ್ಕೋ."

ಹಿಡಿದೆ. ಒಂದೂಕಾಲು ಗಂಟೆ. ಇಬ್ಬರೂ ಬೆರಳು ಸುಟ್ಟುಕೊಂಡೆವು. ಬಿಟ್ಟಿತು. ಒಂದು ಅಂಚು ಒರಟಾಗಿದೆ, ಅಷ್ಟೇ. ತಪ್ಪಾಯ್ತು ಅಂತ ಹೇಳಬೇಕಿತ್ತು. ಬಾಯಿ ಬರಲಿಲ್ಲ. ನಾಚಿಕೆ. ಅಪ್ಪ ಕೈ ತೊಳೆಯಲು ಹೋದಾಗ ಬುಟ್ಟಿಯಿಂದ ತುಂಡುಗಳನ್ನು ಬಾಚಿಕೊಂಡೆ. ಏಳು. ಈ ಪುಸ್ತಕದೊಳಗಿವೆ.

ಜೂನ್ 18, 12.20, ಕಾಲೇಜಿನ ಬೆಂಚು

ಟೋಕನ್ 41. ಈಗ 33. ಅಪ್ಪನನ್ನು ಒಳಗೆ ಬಿಡಲಿಲ್ಲ. ಗಾಜಿನಾಚೆ ನಿಂತಿದ್ದಾನೆ. ಕೂರು ಅಂತ ಸನ್ನೆ ಮಾಡಿದರೂ ಕೂರುತ್ತಿಲ್ಲ. ನಾನು ಕಾಲು ಕುಣಿಸುವುದಕ್ಕೆ ಪಕ್ಕದ ಹುಡುಗಿ ಎದ್ದು ಬೇರೆ ಕಡೆ ಹೋದಳು.

ಸಂಜೆ 5, ಬಸ್ಸು

ಗುಮಾಸ್ತ ಅಂಕಪಟ್ಟಿ ತಿರುಗಿಸಿದ. ಉಗುರಿನಿಂದ ಕೆರೆದ. ಯಾರು ಮಾಡಿದ್ದು ಎಂದ. ನಮ್ಮಪ್ಪ, ಅಂದೆ. ತೆಗೆದುಕೊಂಡು ಒಳಗೆ ಹೋದ. ಹದಿಮೂರು ನಿಮಿಷ. ಹೊರಗೆ ಬಂದು, ಕೂತು, ಮೊಹರಿಗೆ ಶಾಯಿ ಮುಟ್ಟಿಸಿ ಒತ್ತಿದ. ಆಮೇಲೆ ಮೆಲ್ಲಗೆ, "ನನ್ನ ಮಗಂದೂ ಹೀಗೇ ಮಾಡಿಸ್ಬಿಟ್ಟಿದೀವಿ. ನಿಮ್ಮಪ್ಪ ಬಿಡಿಸ್ಕೊಡ್ತಾರಾ?"

ಅಪ್ಪನಿಗೆ ಹೇಳಿದೆ. ಅಷ್ಟು ದಿನದ ಮೇಲೆ ನಕ್ಕ. ಈಗ ಪಕ್ಕದಲ್ಲಿ ಅಡ್ಮಿಷನ್ ಪತ್ರ ಹಿಡಿದು ಕೂತಿದ್ದಾನೆ. ಹೆಬ್ಬೆರಳು ಲ್ಯಾಮಿನೇಷನ್ ಹಾಳೆಗೆಂಬಂತೆ ಅಂಚಿನ ಅಳತೆ ತೆಗೆಯುತ್ತಿದೆ. ನಾನು ನೋಡಿದ್ದು ಕಂಡು, ಮಡಚಿ ನನ್ನ ಕೈಗೇ ಕೊಟ್ಟ.

ಜೂನ್ 19, ಬೆಳಿಗ್ಗೆ 6.10, ಅಂಗಡಿ

ಅಪ್ಪ ಏಳುವ ಮೊದಲೇ ಬೀಗದಕೈ ಎಗರಿಸಿದೆ. ಏಳು ತುಂಡನ್ನೂ ಜೋಡಿಸಿದ್ದೇನೆ. ನೂರು ಇರುವುದು ನಡುವೆ ಬಂತು. ಅತಿ ದಪ್ಪ ಹಾಳೆಯೇ. ಇದರ ಬೆನ್ನಿಗೆ ಇನ್ನು ಯಾರೂ ಮೊಹರು ಒತ್ತಬೇಕಾಗಿಲ್ಲ.

ಮೆಷಿನ್ ಕಾಯುತ್ತಿದೆ. ಇನ್ನೂ ಕೆಂಪು ದೀಪ. ಹಸಿರು ಬಂದರೆ ಒಳಗೆ ತಳ್ಳುವುದು. ಬೀದಿಯಲ್ಲಿ ಕೆಮ್ಮು — ಅಪ್ಪನದೇ. ಹೇಳಬೇಕಾದ ಮಾತು ಇನ್ನೂ ಹೇಳಿಲ್ಲ. ಇವತ್ತು ಹೇಳಿಬಿಡುತ್ತೇನೆ.

ಹಸಿರು—