ಹಾಲಿನ ನರ

ಅಕ್ಟೋಬರ್ 14, ಬೆಳಿಗ್ಗೆ
ಮತ್ತೆ ಕುರ್ಚಿಯಲ್ಲೇ ನಿದ್ದೆ. ನಿದ್ದೆ ಎಂದರೆ — ಕಣ್ಣು ಮುಚ್ಚಿದ್ದೆ, ಅಷ್ಟೆ. ಮಲಗಿದರೆ ತಲೆಯೊಳಗೆ ನೀರು ತುಂಬಿಕೊಂಡ ಹಾಗೆ. ಮಗು ಇಸ್ಕ್ರಾಳ ಡಯಾಪರ್ ಬದಲಿಸಲು ಬಗ್ಗಿದೆ, ಮುಖವೆಲ್ಲ ಬಿಸಿ. ಕನ್ನಡಿಯಲ್ಲಿ ನೋಡಿದರೆ ರೆಪ್ಪೆ ಊದಿ ಕಣ್ಣೇ ಇಲ್ಲ.
“ಅಡ್ಡಗಾಳಿ ಹೊಡೆದಿದೆ,” ಅಂದರು ಅತ್ತೆ. “ಬಾಗಿಲು ಕಿಟಕಿ ಎರಡೂ ತೆಗೆದು ಮಧ್ಯ ಕೂತರೆ ಇನ್ನೇನಾಗುತ್ತೆ? ನಿನ್ನ ಬೆಲ್‌ಗ್ರೇಡ್ ಕಾಲೇಜಲ್ಲಿ ಇದನ್ನ ಹೇಳಿಕೊಡಲಿಲ್ವಾ?”
ಕಿಟಕಿ ಎಲ್ಲ ಬಂದ್. ಮನೆಯ ಹಣ್ಣಿನ ಸಾರಾಯಿ, ರಾಕಿಯಾದಲ್ಲಿ ಅದ್ದಿದ ಬಟ್ಟೆ ನನ್ನ ಕುತ್ತಿಗೆಗೆ. ಮನೆಯೆಲ್ಲ ಮದುವೆಯ ಮಾರನೇ ದಿನದ ವಾಸನೆ.

ಅಕ್ಟೋಬರ್ 17
ಹಾಲು ಕುಡಿಸುವಾಗ ಅತ್ತೆ ನೋಡಿದರು. ಎದೆಯ ಮೇಲೆ, ಹೆಗಲವರೆಗೂ, ನೀಲಿ ನರಗಳು. ದಪ್ಪ ದಪ್ಪ. ಮೊದಲಿರಲಿಲ್ಲ.
“ಹಾಲಿನ ನರ!” ಪಕ್ಕದ ಮನೆಯ ದೆಸಂಕಾರನ್ನು ಕರೆದು ತೋರಿಸಿದರು. “ಅವಳಿಜವಳಿಗೂ ಸಾಕಾಗುತ್ತೆ ಕಣೇ.”
“ಕಣ್ಣು ಹಾಕಬೇಡ, ಮೊದಲು ಉಗಿ,” ಅಂದರು ದೆಸಂಕಾ.
ಇಬ್ಬರೂ ಉಗಿದರು. ತೂ ತೂ ತೂ. ನಾನೂ ನಕ್ಕೆ. ಇಷ್ಟು ಹಾಲಿದೆಯಲ್ಲ… ನಗುತ್ತಾ ಕೆಮ್ಮು ಬಂತು. ನಿಲ್ಲಲಿಲ್ಲ.

ಅಕ್ಟೋಬರ್ 29
ಕಾಲರಿನ ಗುಂಡಿ ಹಾಕಲಾಗುತ್ತಿಲ್ಲ. ಗಂಡ ಲಾಜರ್‌ಗೆ ಹೇಳಿದೆ.
“ಬಾಣಂತಿ ದಪ್ಪ ಆಗದೆ ಗಂಡ ಆಗ್ತಾನಾ?” ಕೆಲಸಕ್ಕೆ ಹೋದ.
ಮಗು ಎತ್ತಿಕೊಂಡಾಗ ಕಣ್ಣಿಗೆ ಕತ್ತಲೆ ಕವಿದರೆ? ಅಂತ ನಾನು ಕೇಳಲಿಲ್ಲ.

ನವೆಂಬರ್ 6, ಮಧ್ಯಾಹ್ನ
ಇಸ್ಕ್ರಾಳ ಸೊಂಟದ ಸ್ಕ್ಯಾನ್, ಇಲ್ಲಿ ಎಲ್ಲ ಹಸುಗೂಸುಗಳಿಗೂ ಮಾಡುವಂಥದ್ದು. ಡಾಕ್ಟರು ಅವಳನ್ನು ನೋಡಿ ಮುಗಿಸಿದ ಮೇಲೂ ನನ್ನನ್ನೇ ನೋಡುತ್ತಿದ್ದರು.
“ಮಗು ಚೆನ್ನಾಗಿದೆ. ನಿಮ್ಮ ಮುಖ ಯಾವಾಗಿನಿಂದ ಹೀಗಿದೆ?”
“ಅಡ್ಡಗಾಳಿ ಹೊಡೆದದ್ದು,” ಅಂದೆ. ನಾನು. ಜೀವಶಾಸ್ತ್ರ ಓದಿದವಳು.
ನೀಶ್ ನಗರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಈಗಲೇ, ಆಂಬುಲೆನ್ಸಿನಲ್ಲಿ.

ನವೆಂಬರ್ 9
ತಲೆ, ತೋಳುಗಳಿಂದ ಹೃದಯಕ್ಕೆ ರಕ್ತ ಮರಳುವ ದೊಡ್ಡ ನರ ಮುಚ್ಚಿಕೊಂಡಿದೆ. ಎದೆಯೊಳಗಿನ ಗಡ್ಡೆ ಒತ್ತುತ್ತಿದೆ. ಮೇಲೆ ಕಾಣುವುದು ಹಾಲಲ್ಲ — ದಾರಿ ಸಿಗದ ರಕ್ತ ಬಳಸಿಕೊಂಡು ಹೋಗುತ್ತಿರುವುದು. ನಾಳೆಯಿಂದ ಕೀಮೋ. ಗುಣವಾಗಬಹುದು ಅಂದರು. ಬಹುದು. ಎದೆಹಾಲು ನಿಲ್ಲಿಸಬೇಕು.
ಅಳು ಬರಲಿಲ್ಲ. ಯಾವ ಬಾಟಲಿ ತರಬೇಕು ಅಂತ ಕೇಳಿದೆ.

ನವೆಂಬರ್ 10, ಬೆಳಿಗ್ಗೆ
ಅತ್ತೆ ಇಸ್ಕ್ರಾಳನ್ನು ಕರೆತಂದಿದ್ದಾರೆ. ಕೊನೆಯ ಸಲ ಎದೆಗೆ. ಅತ್ತೆ ಆ ನರಗಳ ಕಡೆ ನೋಡುತ್ತಿಲ್ಲ.
“ಉಸಿರಾಡೋಕೆ ಆಗ್ತಿದೆಯೇನೇ?”
“ಪರವಾಗಿಲ್ಲ ಅತ್ತೆ.”
ಎದ್ದುಹೋಗಿ ಬಾಗಿಲು ತೆಗೆದರು. ಆಮೇಲೆ ಎದುರಿನ ಕಿಟಕಿ. ಎರಡೂ. ಗಾಳಿ ನುಗ್ಗಿತು. ತಮ್ಮ ಶಾಲು ಬಿಚ್ಚಿ ಮಗುವಿಗೆ ಹೊದಿಸಿ, ಕಿಟಕಿಗೆ ಬೆನ್ನು ಕೊಟ್ಟು ನಿಂತರು. ನಿಂತೇ ಇದ್ದಾರೆ.
ಇಸ್ಕ್ರಾ ಇನ್ನೂ ಕುಡಿಯುತ್ತಿದ್ದಾಳೆ. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ನರ್ಸ್ ಬಂದಳು, ಒಂದೇ ನಿಮಿಷ ಅಂದೆ, ಇನ್ನೊಂದು ಕಡೆಯ ಹಾಲನ್ನೂ…