ಕೂಲಿಯಿಲ್ಲದೆ ಎದ್ದ ಗೋಡೆಗೆ ಸೂರು ಕೊಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ವಸತಿ ಮತ್ತು ಆರೈಕೆ ಅನುದಾನದ ಕಡತಗಳಿಗೆ ಕೊನೆಯ ಸಹಿ ಹಾಕುವ ಅಧಿಕಾರಿಗಳಿಗೆ,

ಮಾನ್ಯರೇ,

ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹತ್ತಿರದ ಹಳ್ಳಿಯ ದುರ್ಗಮ್ಮನಿಗೆ ಮನೆ ಇದೆ ಎಂದು ತಮ್ಮ ಕಚೇರಿಯ ಮಹಡಿಯಲ್ಲಿರುವ ವಸತಿ ವಿಭಾಗ ಹೇಳುತ್ತದೆ. ಆದ್ದರಿಂದ ಮಾಡಿನ, ಅಂದರೆ ಸೂರಿನ, ಕಂತು ಕೊಡುವುದಿಲ್ಲ. ಅದೇ ದುರ್ಗಮ್ಮನಿಗೆ ಮನೆ ಇಲ್ಲ ಎಂದು ಕೆಳಗಿರುವ ಆರೈಕೆ ವಿಭಾಗ ಹೇಳುತ್ತದೆ. ಆದ್ದರಿಂದ ಅವಳ ಮಗಳ ಕಾಲಿಗೆ ವ್ಯಾಯಾಮ ಮಾಡಿಸಲು ಯಾರನ್ನೂ ಕಳಿಸುವುದಿಲ್ಲ. ನಡುವೆ ಇರುವುದು ಹದಿನೆಂಟು ಮೆಟ್ಟಿಲು. ನಾನು ಏಳು ಸಲ ಹತ್ತಿ ಇಳಿದಿದ್ದೇನೆ, ಎಣಿಸಲು ಬೇಕಾದಷ್ಟು ಪುರುಸೊತ್ತನ್ನು ತಮ್ಮ ಸಿಬ್ಬಂದಿಯೇ ಒದಗಿಸಿಕೊಟ್ಟಿದ್ದಾರೆ. ಒಂದು ಮನೆ ಹದಿನೆಂಟು ಮೆಟ್ಟಿಲು ಇಳಿಯುವಷ್ಟರಲ್ಲಿ ಮಾಯವಾಗುವ ಈ ವಿದ್ಯೆಯನ್ನು ಇವರು ಯಾವ ತರಬೇತಿಯಲ್ಲಿ ಕಲಿತರು, ಸ್ವಾಮಿ?

ನಾನು ಯಾರೆಂದು ಹೇಳಿಬಿಡುತ್ತೇನೆ. ಹೊಸನಗರದಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ತಾವು ಕಂಡುಹಿಡಿಯುವ ಪ್ರತಿಯೊಂದು ಹೊಸ ದಾಖಲೆಯಿಂದ ನನಗೆ ನಾಲ್ಕು ಕಾಸು ಸಿಗುತ್ತದೆ, ಆದ್ದರಿಂದ ನಾನು ತಮ್ಮ ವಿರುದ್ಧ ಬರೆಯುವುದು ಉಂಡ ಮನೆಗೆ ಎರಡು ಬಗೆದಂತೆಯೇ. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಈ ಅವಾಂತರದಲ್ಲಿ ಒಂದು ತಪ್ಪು ನನ್ನದು. ದುರ್ಗಮ್ಮನ ಅರ್ಜಿಯಲ್ಲಿ ನಾನು ನಿಜ ಬರೆದೆ.

ಹೋದ ಆಷಾಢದ ಗಾಳಿಗೆ ಹಲಸಿನ ಮರ ಬಿದ್ದು ದುರ್ಗಮ್ಮನ ಮಣ್ಣಿನ ಮನೆ ಕುಸಿಯಿತು. ಅವಳಿಗೆ ಗಂಡ ಇಲ್ಲ. ಮಗಳು ಶರಾವತಿಗೆ ಹತ್ತೊಂಬತ್ತು ವರ್ಷ, ಹುಟ್ಟಿನಿಂದಲೇ ಕಾಲಿನಲ್ಲಿ ಬಲವಿಲ್ಲ. ಆವತ್ತಿನಿಂದ ತಾಯಿ ಮಗಳು ಪಕ್ಕದ ಮನೆಯ ಕೆರಿಯಪ್ಪ ಪಂಪ್‌ಸೆಟ್ಟು, ಗೊಬ್ಬರದ ಚೀಲ ಇಡುತ್ತಿದ್ದ ಕೋಣೆಯಲ್ಲಿದ್ದಾರೆ. ಸರ್ಕಾರದ ಮನೆ ಮಂಜೂರಾಯಿತು, ತಳಪಾಯದ ಕಂತೂ ಬಂತು. ಅದಕ್ಕೆ ತಮಗೆ ಕೃತಜ್ಞತೆ ಹೇಳುತ್ತೇನೆ, ಇದರಲ್ಲಿ ವ್ಯಂಗ್ಯವಿಲ್ಲ. ಆ ಹಣದಲ್ಲಿ ತಳಪಾಯ ಮುಗಿದು ಗೋಡೆಗೆ ಜಂಬಿಟ್ಟಿಗೆ ಕಲ್ಲೂ ಬಂತು. ಕಲ್ಲು ಕಟ್ಟುವವರ ಕೂಲಿಗೆ ಏನೂ ಉಳಿಯಲಿಲ್ಲ. ಉಳಿಯಬೇಕಾಗಿಯೂ ಇರಲಿಲ್ಲ, ಯಾಕೆಂದರೆ ಊರವರು ಮುಯ್ಯಾಳಿಗೆ ಬಂದರು.

ಮುಯ್ಯಾಳು ಎಂದರೇನು ಎಂದು ವಸತಿ ವಿಭಾಗದಲ್ಲಿ ನನ್ನನ್ನು ಕೇಳಿದರು, ಹಾಗಾಗಿ ಇಲ್ಲಿ ವಿವರಿಸುತ್ತೇನೆ. ಇವತ್ತು ನಾನು ನಿಮ್ಮ ಗದ್ದೆಯ ನಾಟಿಗೆ ಬಂದರೆ ನಾಳೆ ನೀವು ನನ್ನ ಕೆಲಸಕ್ಕೆ ಬರಬೇಕು. ಊಟ ಉಂಟು, ಕೂಲಿ ಇಲ್ಲ. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ದುರ್ಗಮ್ಮ ಇಪ್ಪತ್ತು ವರ್ಷ ಊರಿನ ಎಲ್ಲರ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವಳು. ಅವಳಿಗೆ ಕೆಲಸ ಬಿದ್ದಾಗ ಹನ್ನೊಂದು ಜನ ಹದಿನಾರು ದಿನ ಬಂದು, ಮಣ್ಣು ಕಲಸಿ, ಕಲ್ಲು ಹೊತ್ತು, ಬಾಗಿಲು ಕಿಟಕಿಯ ಮೇಲಿನ ತನಕ ಗೋಡೆ ಎಬ್ಬಿಸಿ ಕೈ ತೊಳೆದುಕೊಂಡು ಹೋದರು. ಮಾಡಿನ ಕಂತಿನ ಅರ್ಜಿಯಲ್ಲಿ "ಕೆಲಸಗಾರರ ವಿವರ" ಎಂಬ ಕಲಂ ಬಂದಾಗ ನಾನು ಹೆಮ್ಮೆಯಿಂದ "ಊರವರು, ಮುಯ್ಯಾಳಿನಲ್ಲಿ" ಎಂದು ತುಂಬಿದೆ. ಇಂಥ ಊರೂ ಇನ್ನೂ ಇದೆಯಲ್ಲ ಎಂದು ಓದಿದವರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ನನ್ನ ಬುದ್ಧಿಗೆ ಏನೆನ್ನಲಿ!

ಎರಡು ತಿಂಗಳ ಮೇಲೆ ಬಂದ ಹಿಂಬರಹ ನನ್ನ ಮುಂದಿದೆ. "ಕಾರ್ಮಿಕರ ಹಾಜರಿ ಪಟ್ಟಿ ಇಲ್ಲದಿರುವುದರಿಂದ ಸದರಿ ಗೋಡೆಗಳು ಮಂಜೂರಾತಿಗೆ ಮುಂಚೆಯೇ ಅಸ್ತಿತ್ವದಲ್ಲಿ ಇದ್ದಿರಬಹುದಾಗಿದ್ದು, ಫಲಾನುಭವಿಯು ಈಗಾಗಲೇ ಮನೆ ಹೊಂದಿರುವರೆಂದು ಪರಿಗಣಿಸಿ ಮುಂದಿನ ಕಂತನ್ನು ತಡೆಹಿಡಿಯಲಾಗಿದೆ." ಮಾನ್ಯರೇ, ತಳಪಾಯದ ಫೋಟೋ ತೆಗೆದವರು ತಮ್ಮ ಎಂಜಿನಿಯರರೇ. ದಿನಾಂಕ, ಅಕ್ಷಾಂಶ, ರೇಖಾಂಶ ಎಲ್ಲ ಅದರಲ್ಲಿದೆ. ಗೋಡೆ ಮಾತ್ರ ಇಲ್ಲ. ಮುಂಚೆಯೇ ಇದ್ದ ಗೋಡೆಗಳು ಫೋಟೋ ತೆಗೆಯುವಾಗ ನಾಚಿಕೊಂಡು ಪಕ್ಕಕ್ಕೆ ಸರಿದು ನಿಂತಿದ್ದವೇ? ಗೋಡೆ ಇರುವುದಕ್ಕೆ ಗೋಡೆ ಸಾಲದು, ಅದಕ್ಕೊಂದು ಪಟ್ಟಿ ಬೇಕು ಎನ್ನುವುದಾದರೆ, ನಾಳೆ ನಮ್ಮ ಹೊಳೆಯಲ್ಲಿ ನೀರು ಹರಿಯುವುದಕ್ಕೂ ಹಾಜರಿ ಬರೆಸಬೇಕೇ?

ಇನ್ನು ಕೆಳಗಿನ ವಿಭಾಗ. ಹಳೆಯ ಮನೆ ಇದ್ದಾಗ ವಾರಕ್ಕೊಮ್ಮೆ ಆರೈಕೆಯ ಕಾರ್ಯಕರ್ತೆ ಬಂದು ಶರಾವತಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಒಂದೂವರೆ ವರ್ಷದಲ್ಲಿ ಆ ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲುವಂತಾದಳು. ತಾಯಿ ನಲವತ್ತು ಎಣಿಸುವ ತನಕ ನಿಲ್ಲುತ್ತಿದ್ದಳು. ಮನೆ ಬಿತ್ತು, ಮನೆ ನಂಬರು ರದ್ದಾಯಿತು, ಕಾರ್ಯಕರ್ತೆಯ ಬರವೂ ನಿಂತಿತು. ಹೊಸ ಮನೆಗೆ ಮಾಡು ಕೂರದೆ ಹೊಸ ನಂಬರಿಲ್ಲ, ನಂಬರಿಲ್ಲದೆ ಭೇಟಿಯಿಲ್ಲ. ಕೆರಿಯಪ್ಪನ ಕೋಣೆಗೇ ಕಳಿಸಿ ಎಂದರೆ ಅದು ವಾಸದ ಮನೆಯಲ್ಲ ಎಂದರು. ಅಲ್ಲ, ನಿಜ. ಅದು ನಮಗೂ ಗೊತ್ತು, ಅಲ್ಲಿ ಮಲಗುವವರಿಗೆ ಇನ್ನೂ ಚೆನ್ನಾಗಿ ಗೊತ್ತು. ಒಂಬತ್ತು ತಿಂಗಳಾಯಿತು. ಈಗ ಶರಾವತಿ ಹತ್ತು ಎಣಿಸುವ ಮೊದಲೇ ಕುಸಿಯುತ್ತಾಳೆ.

ಏಳನೆಯ ಸಲ ಬಂದಾಗ ತಮ್ಮ ಕಚೇರಿಯ ಒಬ್ಬರು ನನ್ನ ಮೇಲೆ ಕನಿಕರಪಟ್ಟರು. "ಮೇಡಂ, ಸುಮ್ನೆ ಯಾಕೆ ಓಡಾಡ್ತೀರಿ? ಹನ್ನೊಂದು ಜನಕ್ಕೆ ಕೂಲಿ ಕೊಟ್ವಿ ಅಂತ ಒಂದು ಲಿಸ್ಟ್ ಮಾಡಿ, ಸಹಿ ಹಾಕ್ಸ್ಕೊಂಡು ಬನ್ನಿ. ಒಂದೇ ವಾರದಲ್ಲಿ ಮಾಡಿಸ್ಕೊಡ್ತೀನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅವರ ಮೇಲೆ ಕ್ರಮ ಬೇಡ. ನಾನೂ ಹರಿಶ್ಚಂದ್ರನ ಮೊಮ್ಮಗಳಲ್ಲ. ಅಂಗಡಿಗೆ ಬಂದವಳೇ ಪಟ್ಟಿ ಟೈಪು ಮಾಡಿ, ಮರುದಿನ ಹಳ್ಳಿಗೆ ಒಯ್ದೆ.

ಹನ್ನೊಂದು ಜನರಲ್ಲಿ ಒಬ್ಬನಾದ ಕೆರಿಯಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಕಾಗದವನ್ನು ನನಗೇ ವಾಪಸ್ ಕೊಟ್ಟ. "ಅಲ್ಲ ಅಮ್ಮಾ, ಕೂಲಿ ತಗಂಡೆ ಅಂತ ಸಹಿ ಹಾಕಿದ್ರೆ ನಾನು ಮುಯ್ಯಿ ತೀರ್ಸಿದ ಹಂಗೆ ಆಗ್ತದಾ? ನನ್ನ ಹೆಂಡ್ತಿ ಹೆರಿಗೆಗೆ ಹೋದ ವರ್ಷ ನಮ್ಮ ಗದ್ದೆ ಪೂರಾ ನೆಟ್ಟವ್ಳು ಅವ್ಳು" ಎಂದ.

ದುರ್ಗಮ್ಮನಾದರೂ ಒಪ್ಪಿಯಾಳು ಎಂದುಕೊಂಡರೆ ಅವಳು ನನ್ನ ಮೇಲೇ ಸಿಟ್ಟಾದಳು. "ಇವ್ರಿಗೆ ಕೂಲಿ ಕೊಟ್ಟೆ ಅಂತ ನಾನು ಬರ್ಸಿದ್ರೆ ನಾಳೆ ಯಾವ ಮುಖ ಇಟ್ಕಂಡು ಇವ್ರ ಗದ್ದೆಗೆ ಹೋಗ್ಲಿ? ಮಾಡಿಲ್ದಿದ್ರೂ ಬದುಕ್ತೀನಿ, ಊರಿಲ್ದೆ ಬದುಕಾಕಾಗಲ್ಲ. ತಗಂಡೋಗಿ."

ಸುಳ್ಳು ಹೇಳಿದರೆ ಮನೆ, ನಿಜ ಹೇಳಿದರೆ ಬಯಲು ಎನ್ನುವ ನಿಯಮವನ್ನು ಬರೆದವರು ಯಾರೋ ನನಗೆ ತಿಳಿಯದು. ಜಾರಿ ಮಾಡುತ್ತಿರುವವರು ತಾವು. ಸಮುದಾಯದ ಸಹಭಾಗಿತ್ವ ಎಂದು ತಮ್ಮ ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೀರಿ. ಆ ಸಹಭಾಗಿತ್ವ ಮಣ್ಣು ಮೆತ್ತಿದ ಕೈಯೊಡನೆ ಎದುರಿಗೆ ಬಂದು ನಿಂತರೆ ಗುರುತೇ ಸಿಗುವುದಿಲ್ಲವೇ?

ನನ್ನ ಒತ್ತಾಯ ಇಷ್ಟು. ತಾವು ಅಥವಾ ತಮ್ಮ ಪರವಾಗಿ ಅಧಿಕಾರವಿರುವ ಒಬ್ಬರು ಈ ತಿಂಗಳೊಳಗೆ ಆ ಹಳ್ಳಿಗೆ ಬನ್ನಿ. ಹನ್ನೊಂದು ಜನರನ್ನೂ ಕೂರಿಸಿ ಕೇಳಿ, ಅವರ ಮಾತನ್ನು ಬರೆದುಕೊಂಡು ಅದನ್ನೇ ದಾಖಲೆ ಮಾಡಿ. ಮಾಡಿನ ಕಂತು ಬಿಡುಗಡೆ ಮಾಡಿ, ಅಲ್ಲಿಯವರೆಗೆ ಶರಾವತಿ ಎಲ್ಲಿದ್ದಾಳೋ ಅಲ್ಲಿಗೇ ಕಾರ್ಯಕರ್ತೆಯನ್ನು ಕಳಿಸಿ. ಮಳೆಗೆ ಇನ್ನು ಆರು ವಾರವಿದೆ. ಮಣ್ಣು ಕಲಸಿ ಕಟ್ಟಿದ ಗೋಡೆ ಮಾಡಿಲ್ಲದೆ ನಮ್ಮ ಮಳೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ತಮ್ಮ ಎಂಜಿನಿಯರರನ್ನು ಕೇಳಿದರೂ ಹೇಳುತ್ತಾರೆ.

ಅವಸರಕ್ಕೆ ಇನ್ನೊಂದು ಕಾರಣವೂ ಇದೆ. ಮೊನ್ನೆ ಆ ಪಟ್ಟಿಯೊಡನೆ ನಾನು ಹಳ್ಳಿಯಿಂದ ಹೊರಟಾಗ ದುರ್ಗಮ್ಮ ನೀರಿಗೆ ಹೋಗಿದ್ದಳು. ಶರಾವತಿ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು: "ಅಕ್ಕಾ, ಆ ಪಟ್ಟಿ ಹರೀಬೇಡಿ. ಅಮ್ಮಂಗೆ ಹೇಳ್ದೆ ತಂದ್ಕೊಡಿ, ಹನ್ನೊಂದು ಸಹಿನೂ ನಾನೇ ಹಾಕ್ತೀನಿ. ಊರವ್ರು ಬೈದ್ರೆ ನಂಗೆ ಬೈಲಿ. ಹೆಂಗೂ ನನ್ನನ್ನ ಯಾರೂ ಮುಯ್ಯಿಗೆ ಕರೆಯಲ್ಲ."

ಆ ಪಟ್ಟಿ ಇನ್ನೂ ನನ್ನ ಚೀಲದಲ್ಲಿದೆ. ಅವಳ ಕೈಗೆ ಅದನ್ನು ಕೊಡುವಂತೆ ನನ್ನನ್ನು ಮಾಡಬೇಡಿ.

ಇಂತಿ,
ಅರ್ಜಿಯಲ್ಲಿ ನಿಜ ತುಂಬಿ ಕೆಟ್ಟ,
ಅಮಿತಾ
ಹೊಸನಗರ